ಕಾಗಿಣಾ ಹೊಳೆಯ ಅಗಲ

ಜಾನಕೀಬಾಯಿ ತಂದೆಯೊಡನೆ ಕಾಗಿಣಾ ಹೊಳೆಯ ದಂಡೆಗೆ ಬಂದಾಗ ಆಚೆ ದಡದಿಂದ ಯಾರೋ ಒದರುತ್ತಿದ್ದರು. ಕಲ್ಯಾಣಪ್ಪ ಎಂಬ ರೈತ. ಅವನ ಮಗಳಿಗೆ ನಸುಕಿನಿಂದ ಹೆರಿಗೆ ನೋವು. ಸೂಲಗಿತ್ತಿ ಭಾಗಮ್ಮ ಮಾತ್ರ ಈಚೆ ದಡದಲ್ಲಿ ಚಡಪಡಿಸುತ್ತಿದ್ದಳು.

ಹರಗೋಲು ಕೊಚ್ಚಿಹೋಗದಂತೆ ಹೊಳೆಗೆ ಅಡ್ಡ ಕಟ್ಟಿದ್ದ ಹಗ್ಗವನ್ನು ಪ್ರವಾಹ ಹರಿದೊಯ್ದಿತ್ತು. ಹರಗೋಲು ನಡೆಸುವ ಮಶಾಕನ ಬಳಿ ಹಳೆಯದೊಂದು ಹಗ್ಗ ಉಳಿದಿತ್ತು.

"ಒಂದು ತುದಿ ಇಲ್ಲಿ ಕಟ್ಟಿ, ಹಗ್ಗ ಬಿಟಗೋತ ಹೋಗಬೇಕ್ರಿ ಮಾಸ್ತರ. ಸಾಲಲಿಲ್ಲಂದ್ರ ನಡುಹೊಳ್ಯಾಗ ಸಿಗಬೀಳ್ತೀನಿ. ಹೊಳಿ ಎಷ್ಟು ಅಗಲ ಅದ ಯಾರಿಗಿ ಗೊತ್ತು?" ಎಂದ ಮಶಾಕ.

ಜಾನಕಿಯ ತಂದೆ ವಾಸುದೇವ ಮಾಸ್ತರರು ಚಿತ್ತಾಪುರದ ಶಾಲೆಯಲ್ಲಿ ಆಗಿನ ರಾಜಭಾಷೆಯಾದ ಉರ್ದುವಿನಲ್ಲಿ ರೇಖಾಗಣಿತ ಕಲಿಸುತ್ತಿದ್ದರು. ಶಾಲೆಗೆ ಹೋಗದ ಮಗಳಿಗೆ ಮನೆಯಲ್ಲಿ ಅದನ್ನೇ ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಎರಡು ತ್ರಿಕೋನ ಸಮವೆಂದು ಸಾಧಿಸುವ ಲೆಕ್ಕ ಅವಳ ತಲೆ ತಿಂದಿತ್ತು. ಈಗ ಹೊಳೆ ನೋಡುತ್ತಲೇ ಆ ತ್ರಿಕೋನಗಳು ಕಣ್ಣಮುಂದೆ ಬಂದವು.

"ಅಪ್ಪಾ, ದಾಟದೇ ಅಳಿಬಹುದು! ಆಚೀ ಜಾಲಿಗಿಡದ ಎದುರಿಗೇ ನಿಂತೀನಿ ನೋಡ್ರಿ."

"ಎದುರಿಗೇ ಅಂತ ಹೆಂಗ ಹೇಳ್ತಿ?"

ಜಾನಕಿ ಸುತ್ತ ನೋಡಿದಳು. ಬಟ್ಟೆ ಒಗೆಯುವಲ್ಲಿ ಚೌಕನಾಗಿ ಕಡಿದ ಶಹಾಬಾದ ಕಲ್ಲೊಂದು ಬಿದ್ದಿತ್ತು. ಮಶಾಕ, ಅವಳು ಸೇರಿ ಎಳೆದು ತಂದರು. ಕಲ್ಲಿನ ಒಂದಂಚು ದಂಡೆಗುಂಟ, ಇನ್ನೊಂದಂಚು ಜಾಲಿಗಿಡಕ್ಕೆ ಗುರಿಯಾಗುವಂತೆ ಇಟ್ಟಳು. ಅಲ್ಲೊಂದು ಗೂಟ ನೆಟ್ಟು, ದಂಡೆಗುಂಟ ಹೆಜ್ಜೆ ಎಣಿಸುತ್ತ ಹೋಗಿ ಹರಗೋಲಿನ ಹುಟ್ಟನ್ನು ನೆಟ್ಟಳು. ಅಷ್ಟೇ ಹೆಜ್ಜೆ ಮತ್ತೂ ಮುಂದೆ ಹೋಗಿ ನಿಂತಳು. ಕಲ್ಲು ಅಲ್ಲಿಗೂ ಬಂತು. ಅದರ ಅಂಚಿನ ನೇರಕ್ಕೆ ಹೊಳೆಗೆ ಬೆನ್ನು ಮಾಡಿ ಹೊಲದೊಳಗೆ ನಡೆದಳು. ತಿರುತಿರುಗಿ ನೋಡುತ್ತಿದ್ದಳು. ಹುಟ್ಟಿನ ಹಿಂದೆ ಜಾಲಿಗಿಡ ಮರೆಯಾದದ್ದೇ ತಡ, "ಇಲ್ಲೇ!" ಎಂದು ಕೂಗಿದಳು.

"ಯಾಕ ಇಲ್ಲೇ? ಒಂದು ಜೀವದ ಪ್ರಶ್ನಿ ಅದ, ಸರಿಯಾಗಿ ಹೇಳು," ಎಂದರು ಮಾಸ್ತರರು.

"ಎರಡೂ ಕಡಿ ಹೆಜ್ಜಿ ಸಮ. ಎರಡೂ ತುದ್ಯಾಗ ಕಲ್ಲಿನ ಮೂಲಿ, ಅಂದ್ರ ಲಂಬಕೋನ. ಹುಟ್ಟಿನ ಹತ್ರ..." ಅವಳು ಕೈಗಳನ್ನು ಕತ್ತರಿಯಂತೆ ಅಡ್ಡಹಾಕಿದಳು. "ಎದುರುಬದುರು ಕೋನ ಸಮ! ಎರಡು ಕೋನ, ನಡುವಿನ ಬದಿ ಸಮ ಇದ್ದ ಮ್ಯಾಲ ತ್ರಿಕೋನನೂ ಸಮ. ಹೊಳಿ ಅಗಲ ಅಂದ್ರ ಆ ಕಲ್ಲಿನಿಂದ ನನ್ನ ಕಾಲತನಕ!"

"ಶಾಭಾಸ್!" ಎಂದರು ಮಾಸ್ತರರು.

"ಲಗೂ ಹಗ್ಗ ಹಾಸ್ರಿ ಯಪ್ಪಾ!" ಎಂದಳು ಭಾಗಮ್ಮ.

ಮಶಾಕ ಕಲ್ಲಿನಿಂದ ಹಗ್ಗ ಬಿಚ್ಚುತ್ತ ಓಡಿಬಂದ. ಜಾನಕಿಯ ಕಾಲ ಬಳಿ ಬಂದಾಗಲೂ ಅವನ ಹೆಗಲ ಮೇಲೆ ದೊಡ್ಡ ಸುರುಳಿ ಉಳಿದಿತ್ತು.

"ಸೆಳವಿಗಿ ಓರೆ ಹೋದ್ರೂ ಮುಟ್ಟತೀನಿ. ಭಾಗವ್ವಾ, ಕುಂದುರು!"

ಹರಗೋಲು ಗಿರಕಿ ಹೊಡೆಯುತ್ತ, ಕೆಳಕ್ಕೆ ಜಾರುತ್ತ ಹೋಯಿತು. ಜಾಲಿಗಿಡದಿಂದ ತುಸು ಕೆಳಗೆ ಕಲ್ಯಾಣಪ್ಪ ನೀರಿಗಿಳಿದು ಅದನ್ನು ಎಳೆದುಕೊಂಡ.

ಬಿಸಿಲೇರಿದ ಮೇಲೆ ಆಚೆಯಿಂದ ಸುದ್ದಿ ತೇಲಿಬಂತು: ಹೆಣ್ಣು ಕೂಸು, ತಾಯಿ ಆರಾಮ.

ಜಾನಕಿ ಕುಣಿದಾಡಿದಳು. ಆಮೇಲೆ ಅವಳ ಕಣ್ಣು ದಂಡೆಯ ಗುಡಿಯ ಶಿಖರದ ಮೇಲೆ ನಿಂತಿತು.

"ಅಪ್ಪಾ, ಏರದೇ ಅದರ ಎತ್ತರ ಹೇಳಲಿಕ್ಕೆ ಬರ್ತದೇನ್ರಿ?"

"ಬರ್ತದ," ಎಂದು ನಕ್ಕರು ಮಾಸ್ತರರು. "ನಿನ್ನ ನೆರಳು ನಿನ್ನಷ್ಟೇ ಉದ್ದಾಗಲಿ, ಆವಾಗ ಗುಡಿ ನೆರಳು ಅಳಿಯೋಣು. ಕುಂದ್ರು."