ನಾಲ್ಕು ಪೆಟ್ಟಿನ ನೆಲ

"ಅಂಚು ತುಳೀಬೇಡಿ ಯಜಮಾನ್ರೆ, ಮತ್ತೆ ಕುಸಿಯುತ್ತೆ," ಎಂದ ಜುಫ್ರಿ, ಗೋರಿಯ ಗುಂಡಿಯೊಳಗಿನಿಂದ. ಅವನ ಮೊಣಕಾಲವರೆಗೆ ಮರಳುನೀರು. ತೋಡಿದ್ದು ಇದು ಮೂರನೆಯ ಸಲ.

ಬಹ್ರೂಮ್ ಹಿಂದೆ ಸರಿದ. ತೀರಿಕೊಂಡವನು ಅವನ ತಂಗಿಯ ಗಂಡ ಆಸ್ರಿಲ್. ಪಾದಾಂಗ್ ಕರಾವಳಿಯಲ್ಲಿ ನೆಲ ಕೊರೆದು ಪರೀಕ್ಷಿಸುವ ತಂಡದಲ್ಲಿ ಇಪ್ಪತ್ತೆಂಟು ವರ್ಷ ಸುತ್ತಿಗೆಯ ಪೆಟ್ಟು ಎಣಿಸಿದವನು. ಜುಫ್ರಿ ಅವನ ಜೊತೆಗಾರ.

"ಬದುಕಿದ್ದಾಗ ಹೇಳಿದ್ದು ನೀವು ಕೇಳ್ಲಿಲ್ಲ. ಈಗ ತೋರಿಸ್ತಿದಾನೆ ನೋಡಿ."

"ಮಾತು ಸಾಕು. ಹಲಗೆ ತರ್ತೀನಿ, ಅಗಿ."

ಪಕ್ಕದಲ್ಲೇ ಮನೆ. ಒಳಗೆ ನೆರೆದವರು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದರು. ರೋಸ್ನಿದಾರ್ ಗಂಡನ ತಲೆಯ ಬಳಿ ಕೂತಿದ್ದಳು. ಅಳು ಬಂದಿರಲಿಲ್ಲ. ಓದುವ ದನಿ ಏರುವುದನ್ನೂ ಇಳಿಯುವುದನ್ನೂ ಸುಮ್ಮನೆ ಕೇಳುತ್ತಿದ್ದಳು. ಕಣ್ಣು ಮಾತ್ರ ಹೊಸ ಮಹಡಿಗೆಂದು ಅಂಗಳದಲ್ಲಿ ಒಟ್ಟಿದ್ದ ಕಬ್ಬಿಣದ ಸರಳುಗಳ ಮೇಲಿತ್ತು.

"ಅಣ್ಣಾ, ಗುರುವಾರ ಕಾಂಕ್ರೀಟಿನವರು ಬರ್ತಾರಾ?"

"ಇವತ್ತು ಆ ಮಾತ್ಯಾಕೆ?"

"ಮಗಳು, ಮೊಮ್ಮಕ್ಕಳು ಮಲಗೋದು ಅದರ ಕೆಳಗೆ."

ಬಹ್ರೂಮ್ ಹಲಗೆ ಹೊತ್ತು ಹೊರಟ.

*

ಮೂರು ತಿಂಗಳ ಹಿಂದೆ ಆಸ್ರಿಲ್ ಇದೇ ಅಂಗಳದಲ್ಲಿ ಮುಕ್ಕಾಲಿ ನಿಲ್ಲಿಸಿದ್ದ. ಭಾರದ ಸುತ್ತಿಗೆ ಕೊಳವೆಯ ಮೇಲೆ ಬೀಳುವಾಗೆಲ್ಲ ಜಪಮಣಿ ಎಣಿಸುವವನಂತೆ ಎಣಿಸಿದ್ದ. ಗಟ್ಟಿ ನೆಲದಲ್ಲಿ ಒಂದಡಿ ಇಳಿಯಲು ಮೂವತ್ತು ಪೆಟ್ಟು ಬೇಕು.

"ನಾಲ್ಕೇ ಪೆಟ್ಟು, ಭಾವ. ಹಳೇ ಕಡಲು ಬಿಟ್ಟುಹೋದ ಮರಳು, ನೀರು ಕುಡಿದು ಕೂತಿದೆ. ಭೂಮಿ ನಡುಗಿದ್ರೆ ಗಂಜಿ ಆಗುತ್ತೆ. ಮರದ ಮನೆ ಹಗುರ, ಇರಲಿ. ಮೇಲೆ ಮಹಡಿ ಬೇಡ."

ಬಹ್ರೂಮ್ ನಕ್ಕಿದ್ದ. ಆ ಸೀಮೆಯ ರೂಢಿಯಲ್ಲಿ ಮನೆಯೂ ನೆಲವೂ ಹೆಣ್ಣಿನವು, ಅವುಗಳ ಬಗ್ಗೆ ಕೊನೆಯ ಮಾತು ಅವಳ ಅಣ್ಣನದು.

"ಗಂಡ ಅಂದ್ರೆ ಮೋಟುಮರದ ಮೇಲಿನ ಬೂದಿ ಕಣಯ್ಯಾ, ಗಾಳಿ ಬೀಸೋವರೆಗೆ. ನಮ್ಮಜ್ಜಿ ನೆಲಕ್ಕೆ ನಿನ್ನ ಸುತ್ತಿಗೆ ಸಾಕ್ಷಿ ಬೇಕಾ?"

ಆಸ್ರಿಲ್ ಕೊಳವೆ ಒರೆಸಿ ಎತ್ತಿಟ್ಟಿದ್ದ. ಆಮೇಲೆ ಆ ಮಾತು ಎತ್ತಲಿಲ್ಲ.

*

ದೇಹವನ್ನು ಕೆಳಗಿನಿಂದ ಎತ್ತಿಕೊಳ್ಳಲು ಬಹ್ರೂಮನೇ ಗುಂಡಿಗಿಳಿದ. ಹೊತ್ತವರು ಅಂಚಿಗೆ ಬಂದರು. ಅವರ ಹೆಜ್ಜೆಗೇ ಕೆಳಗೆ ಮರಳು ಅದುರಿತು. ಬಹ್ರೂಮನ ಪಾದ ಹೂತುಹೋಯಿತು, ಮೀನಖಂಡ ಹೂತುಹೋಯಿತು. ಆಸ್ರಿಲನ ಭಾರ ತೋಳಿಗೆ ಬಂದಾಗ ಇನ್ನೊಂದು ಗೇಣು ಇಳಿದ. ದೇಹವನ್ನು ಹಲಗೆಯ ಮೇಲೆ ಮಲಗಿಸಿದ ಮೇಲೆ ಜುಫ್ರಿ ಕೈ ಕೊಟ್ಟು ಅವನನ್ನು ಎಳೆದುಕೊಂಡ.

ಜನ ಚದುರಿದರು. ಬಹ್ರೂಮ್ ಕಾಲು ತೊಳೆಯಲಿಲ್ಲ. ಅಂಗಳಕ್ಕೆ ಬಂದು ಉದ್ದನೆಯ ಸರಳೊಂದರ ತುದಿ ಹಿಡಿದು ರಸ್ತೆಯ ಕಡೆ ಎಳೆದ. ಹಿಂದಿನ ತುದಿ ಮರಳಲ್ಲಿ ಗೀರುತ್ತಾ ಬಂತು.

ರೋಸ್ನಿದಾರ್ ಮೆಟ್ಟಿಲಿಳಿದು ಆ ತುದಿ ಎತ್ತಿಕೊಂಡಳು. ಇಬ್ಬರೂ ಅದನ್ನು ಹೆಗಲಿಗೇರಿಸಿದರು. ಆಗಷ್ಟೇ ಹೆಣ ಹೊತ್ತವರು ನಡೆದುಹೋದ ಹಾಗೆ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಸಾವಕಾಶವಾಗಿ ನಡೆದರು.