ಇಲ್ಲದ ಹೆಸರಿನ ಕೆಳಗೆ ಕೆಂಪು ಗೆರೆ

ಚಳಿಗಾಲದಲ್ಲಿ ಎದುರು ಗೋಡೆಯವರೆಗೂ ಹೋಗುತ್ತಿದ್ದ ಬಿಸಿಲು ಈಗ ಮೇಜಿನ ಅಂಚಿಗೇ ನಿಂತುಬಿಡುತ್ತದೆ, ಬೇಸಿಗೆ ಕಾಲಿಟ್ಟಿತು ಅಂತ ಲೆಕ್ಕ, ತಲೆಯ ಮೇಲೆ ಫ್ಯಾನು ಗಿರ್ರೆನ್ನುತ್ತಿದೆ, ಅವನಿಗೆ ಬೆಳಿಗ್ಗೆಯಿಂದ ಒಂದೇ ಕೆಲಸ — ಪರದೆಯ ಬಣ್ಣ, ಗೆರೆಗಳಿಗೆ ಹೆಸರಿಟ್ಟು ಬರೆದಿಡುವ ಸ್ಟೈಲ್ ಫೈಲು ಸೇವ್ ಆದ ತಕ್ಷಣ ಅದರೊಳಗಿನ ಹೆಸರುಗಳನ್ನೆಲ್ಲ ಓದಿ ಪಕ್ಕದಲ್ಲೇ ಅವುಗಳ ಯಾದಿಯೊಂದನ್ನು, ಅಂದರೆ ಟೈಪ್ ಫೈಲನ್ನು, ತಾನಾಗಿ ಬರೆದಿಡುವ ಪ್ರೋಗ್ರಾಮು, ಇಲ್ಲಿ ಇಷ್ಟು ಹೆಸರುಂಟು, ಬೇರೆ ಕೇಳಿದರೆ ಇಲ್ಲ ಅನ್ನು, ಅಷ್ಟೇ — ಅಷ್ಟಕ್ಕೆ ಇಷ್ಟು ಒದ್ದಾಟವೇನೋ ಮಾರಾಯ, ಹಿಂದಿನ ಕುರ್ಚಿಯಿಂದ ಯಜಮಾನರು, ತಂಡದ ಹಿರಿಯರನ್ನು ಎಲ್ಲರೂ ಕರೆಯುವುದೇ ಹಾಗೆ, ಕಣ್ಣು ಬಿಟ್ಕೊಂಡು ಕೆಲಸ ಮಾಡಿದ್ರೆ ಸಾಕಲ್ವ, ಸಾಕಾಗಲಿಲ್ಲವಲ್ಲ ಯಜಮಾನ್ರೇ, ಅವತ್ತು ಎಲ್ಲರ ಕಣ್ಣೂ ಬಿಟ್ಟೇ ಇತ್ತು.

ಅವತ್ತು — ಇವರ ತಂಡವೇ ಮಾಡಿಕೊಟ್ಟ ಆಸ್ಪತ್ರೆಯ ಸರದಿ ಪಟ್ಟಿಯಲ್ಲಿ ತುರ್ತಿನವರ ಹೆಸರಿನ ಪಕ್ಕ ಕೆಂಪು ಗೆರೆ ಮೂಡಬೇಕಿತ್ತು, ತಂಡದಲ್ಲಿ ಯಾರೋ ಸ್ಟೈಲ್ ಫೈಲನ್ನು ಚೊಕ್ಕ ಮಾಡುವಾಗ ಆ ಗೆರೆಗಿಟ್ಟ ಹೆಸರನ್ನೇ, ಅದರ ಕ್ಲಾಸನ್ನೇ, ಕಿತ್ತುಹಾಕಿದ್ದರು, ಪಟ್ಟಿ ಮಾತ್ರ ಅದೇ ಹೆಸರು ಹಿಡಿದು ಕೇಳುತ್ತಲೇ ಇತ್ತು, ಸಿಗಲಿಲ್ಲ, ಸಿಗಲಿಲ್ಲ ಅಂತ ಬಾಯಿಬಿಡಲೂ ಇಲ್ಲ. ಕೌಂಟರಿನಲ್ಲಿದ್ದವಳು ಅತ್ತಿಗೆ, ಅಣ್ಣನ ಹೆಂಡತಿ, ಎದೆ ಹಿಡಿದುಕೊಂಡು ಬಂದ ಮುದುಕರಿಗೆ ತುರ್ತು ಅಂತ ಗುರುತು ಹಾಕಿದವಳೂ ಅವಳೇ, ಡಾಕ್ಟರ ಪರದೆಯ ಮೇಲೆ ಬಿಳಿ ಸಾಲು ಬಿಳಿಯಾಗಿಯೇ ಕೂತಿತ್ತು, ಮುದುಕರು ಬೆಂಚಿನ ತುದಿಯಲ್ಲಿ ಕಾದರು, ಪುಣ್ಯಕ್ಕೆ ಬದುಕಿದರು, ಒಂದು ಗುರುತು ಹಾಕೋಕೂ ಬರಲ್ವೇನಮ್ಮ ಅಂತ ಡಾಕ್ಟರು ಎಲ್ಲರೆದುರೇ — ಅತ್ತಿಗೆ ಮನೆಗೆ ಬಂದು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು, ಊಟಕ್ಕೆ ಬಡಿಸುತ್ತ, ಮೈದುನರಾಯ, ನಿನ್ನ ಪಾಲಿನ ಬೈಗುಳ ನಾನು ತಿಂದು ಬಂದಿದೀನಿ, ಬಾಕಿ ನೆನಪಿರಲಿ, ಅಂದಳು, ನಕ್ಕಳು, ಸೌಟು ಮಾತ್ರ ಪಾತ್ರೆಗೆ ಜೋರಾಗಿ ತಾಗಿತು.

ಬಾಕಿ. ಕೈಯಲ್ಲೇ ಟೈಪ್ ಫೈಲು ಬರೆದು ನೋಡಿದ್ದ, ಇವತ್ತು ಬರೆದದ್ದು ನಾಳೆಗೆ ಹಳಸುತ್ತಿತ್ತು, ಅದರ ಮೇಲೆ ಕೋಡಿನಲ್ಲಿ ಯಾರೋ ಹಿಂದೆ ಬರೆದಿಟ್ಟ ಸಾಲೊಂದು ಬೇರೆ, ಯಾವ ಹೆಸರು ಕೇಳಿದರೂ ಉಂಟು ಉಂಟು ಅಂತ ಕೋಲೆಬಸವನ ಹಾಗೆ ತಲೆಯಾಡಿಸುವುದು — ಮನೆಯಲ್ಲೂ ಇದೇ ಕತೆ, ಅಜ್ಜಿ ಹೊತ್ತು ಮುಳುಗಿದರೆ ಹಿತ್ತಿಲಿಗೆ ಮುಖ ಮಾಡಿ ಕೆಂಪೀ ಬಾರೇ ಅನ್ನುತ್ತಾಳೆ, ಕೆಂಪಿ ಹಸುವನ್ನು ಮಾರಿ ಎಷ್ಟೋ ಕಾಲವಾಯಿತು, ಅಜ್ಜಿಗೆ ಮರೆವು, ಇಲ್ಲ ಅನ್ನಲು ಮನೆಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ, ಅವಳು ಖಾಲಿ ಗೂಟದ ಮುಂದೆ ಹುಲ್ಲು ಹಾಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಾಳೆ. ಪಕ್ಕದ ಮನೆಯಲ್ಲೂ ಕೆಂಪಿ ಇದ್ದಳು, ಎದುರು ಮನೆಯಲ್ಲೂ, ಅಜ್ಜಿಯ ಕೂಗಿಗೆ ಅವು ಕಿವಿಯೂ ಅಲ್ಲಾಡಿಸುತ್ತಿರಲಿಲ್ಲ, ಈ ಸ್ಟೈಲ್ ಫೈಲುಗಳೂ ಹಾಗೇ, ಪರದೆಯ ಒಂದೊಂದು ತುಂಡಿಗೂ ಅದರದೇ ಫೈಲು, ಒಂದೇ ಹೆಸರು ಹತ್ತು ಕಡೆ ಇದ್ದರೂ ಇದರ ಬಣ್ಣ ಅದಕ್ಕೆ ಅಂಟದು, ಒಳ್ಳೆಯದೇ, ಆದರೆ ನಿನ್ನ ಗೂಟ ಖಾಲಿ ಅಂತ ಹೇಳುವವರೊಬ್ಬರು ಬೇಡವೆ.

ಪ್ರೋಗ್ರಾಮು ಸಿದ್ಧವಾಯಿತು, ಆ ಕೋಲೆಬಸವನ ಸಾಲನ್ನು ಅಳಿಸಿದ. ಸರದಿ ಪಟ್ಟಿಯ ಸ್ಟೈಲ್ ಫೈಲು ತೆರೆದು, ತುರ್ತಿನ ಕ್ಲಾಸನ್ನು ಬೇಕೆಂದೇ ಕಿತ್ತು, ಸೇವ್ — ಪಟ್ಟಿಯ ಕೋಡಿನಲ್ಲಿ, ಆ ಹೆಸರಿನ ಕೆಳಗೆ, ಅಂಕುಡೊಂಕಾಗಿ, ತಪ್ಪು ತೋರಿಸುವ ಕೆಂಪು ಗೆರೆ. ಬಂತು! ಕ್ಲಾಸನ್ನು ಮತ್ತೆ ಹಾಕಿದ, ಹೋಯಿತು, ಕಿತ್ತ, ಬಂತು, ಮಗು ದೀಪದ ಸ್ವಿಚ್ಚು ಒತ್ತಿದ ಹಾಗೆ, ಸಾಕು, ಇದ್ದದ್ದನ್ನು ಇದ್ದಲ್ಲಿ ಇಟ್ಟು ಎಲ್ಲ ಪುಟಗಳ ಮೇಲೂ ಓಡಿಸು, ಓಡಿತು, ಅಯ್ಯೋ, ಇನ್ನೊಂದು ಗೆರೆ, ಔಷಧಿಯ ಪುಟದಲ್ಲಿ, ಒಗ್ಗದ ಮದ್ದಿನ ಎಚ್ಚರಿಕೆ ಕೇಳುವ ಕ್ಲಾಸೇ ಇಲ್ಲ, ಯಜಮಾನ್ರೇ ಒಂಚೂರು ಬನ್ನಿ, ಬಂದರು, ಕನ್ನಡಕ ಏರಿಸಿದರು, ಇಳಿಸಿದರು, ಇದು ಹೋದ ವಾರ ನಾನೇ ತೆಗೆದದ್ದಲ್ವೇನೋ, ಹೌದು ಯಜಮಾನ್ರೇ, ಕಣ್ಣು ಬಿಟ್ಕೊಂಡೇ ತೆಗೆದ್ರಿ, ಎಲ ಇವನ, ಬೆನ್ನಿಗೆ ಗುದ್ದು ಬಿತ್ತು, ಹಬೆಯಾಡುವ ಟೀ ಬಂತು, ಯಜಮಾನರೇ ತಂದಿಟ್ಟದ್ದು, ಇವತ್ತಿನಿಂದ ನಿನ್ನ ಈ ಪ್ರೋಗ್ರಾಮು ನೋಡದೆ ಯಾವುದೂ ಹೊರಗೆ ಹೋಗಕೂಡದು ಕಣೋ, ಅಂದರು.

ಅತ್ತಿಗೆಗೆ ಫೋನು — ಅತ್ತಿಗೆ, ಬಾಕಿ ಚುಕ್ತಾ. ಅಷ್ಟು ಸುಲಭಕ್ಕೆ ಬಿಟ್ಟೇನಾ, ಆ ಗೆರೆ ಇನ್ಮೇಲೆ ತಪ್ಪದೆ ಬರುತ್ತೇನೋ? ಬರುತ್ತೆ. ಬರದಿದ್ರೆ? ಬರದಿದ್ರೆ ಅದು ನಿಮಗಿಂತ ಮುಂಚೆ ನನ್ನ ಕಣ್ಣಿಗೆ ಬಿದ್ದಿರುತ್ತೆ ಅತ್ತಿಗೆ. ಆಚೆ ಕಡೆ ರೋಗಿಗಳ ಗದ್ದಲ, ಯಾರೋ ಕೆಮ್ಮಿದರು, ಸರಿ ಮೈದುನರಾಯ, ತೀರಿತು ಹೋಗು, ಅಂದಳು, ಈ ಸಲದ ನಗು ಪೂರಾ ನಗು. ಫೋನು ಕೆಳಗಿಟ್ಟ, ಟೀ ಆರುತ್ತಿದೆ, ಬಿಸಿಲು ಮೇಜು ಬಿಟ್ಟು ಇಳಿದಿದೆ, ಕೊನೆಗೂ ಒಬ್ಬರು ಬಾಯಿಬಿಟ್ಟು ಇಲ್ಲ ಅಂದರು ಅಜ್ಜೀ, ಯಾರಿಗೂ ನೋವಾಗಲಿಲ್ಲ, ಔಷಧಿಯ ಪುಟ ಇನ್ನೂ ತೆರೆದೇ ಇದೆ, ಸರಿಮಾಡಬೇಕು, ಮಾಡುತ್ತಾನೆ, ಒಂದು ಗಳಿಗೆ ನೋಡಿಕೊಳ್ಳುತ್ತಾನೆ ಅಷ್ಟೇ, ಇಲ್ಲದ ಹೆಸರಿನ ಕೆಳಗೆ ಆ ಕೆಂಪು ಗೆರೆ, ಕೆಂಪು ಗೆರೆ —