ಮೊಟ್ಟೆ ತರಿಸುವ ಹೊತ್ತು

ವೇಮಗಲ್ಲಿನ ಕೋದಂಡರಾಮಪ್ಪನಿಗೂ ಶ್ಯಾಮಲಮ್ಮನಿಗೂ ಮದುವೆಯಾಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರಿಬ್ಬರ ಜೊತೆ ಇದ್ದವಳು ಕೋದಂಡರಾಮಪ್ಪನ ತಾಯಿ ಕದಿರಮ್ಮ ಒಬ್ಬಳೇ. ರಾಗಿ ಹೊಲ ಸ್ವಲ್ಪ ಇತ್ತು, ಹಿಪ್ಪುನೇರಳೆ ತೋಟ ಎರಡು ಕಡೆ ಇತ್ತು. ಒಂದು ತೋಟದ ಸೊಪ್ಪು ಕೊಯ್ಯುವಾಗ ಇನ್ನೊಂದು ಚಿಗುರುತ್ತಿದ್ದುದರಿಂದ, ಮಳೆ ಬಿದ್ದಾಗಿನಿಂದ ಚಳಿ ಮುಗಿಯುವ ತನಕ ಒಂದರ ಹಿಂದೆ ಒಂದು ರೇಷ್ಮೆ ಹುಳುವಿನ ಬೆಳೆ ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಸೊಪ್ಪು ಒಣಗಿದಾಗ ಕೋದಂಡರಾಮಪ್ಪ ಗಾಡಿ ಕಟ್ಟಿಕೊಂಡು ಚಿನ್ನದ ಗಣಿ ಕಡೆಗೆ ಸೌದೆ ಹೇರಲು ಹೋದರೆ ಮಳೆ ಬೀಳುವಾಗಲೇ ಮರಳುತ್ತಿದ್ದ.

ಹುಳುವಿನ ವಿಷಯದಲ್ಲಿ ಕದಿರಮ್ಮ ಕಟ್ಟುನಿಟ್ಟು. ಹೊರಗಾದ ಹೆಂಗಸು ಹುಳುವಿನ ಕೋಣೆಯ ಹೊಸಿಲು ಮುಟ್ಟುವಂತಿಲ್ಲ. ಮರಿ ಹುಳಕ್ಕೆ ಎಳೆ ಸೊಪ್ಪನ್ನು ನೂಲಿನಂತೆ ಸಣ್ಣಗೆ ಹೆಚ್ಚಬೇಕು, ಅದಕ್ಕೆ ಶ್ಯಾಮಲಮ್ಮನ ಕೈಯೇ ಬೇಕು, ಕದಿರಮ್ಮನಿಗೆ ಕಣ್ಣು ಮಂಜು. ಆದ್ದರಿಂದ ಸೊಸೆ ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಂಡ ಕೂಡಲೇ ಮರಿ ಹೊರಬರುವಂತೆ ಹೊಂದಿಸಿ ಹುಳುವಿನ ಮೊಟ್ಟೆ ತರಿಸುತ್ತಿದ್ದಳು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಮೂರನೇ ಜ್ವರ ಮುಗಿದು ಹುಳು ಏಳುವ ತನಕ ಕೋದಂಡರಾಮಪ್ಪ ಆ ಕೋಣೆಯಲ್ಲೇ ಮಲಗಿ ಕೆಂಡ ಆರದಂತೆ, ಇರುವೆ ಹತ್ತದಂತೆ ಕಾಯಬೇಕು. ಅಷ್ಟು ದಿನ ಗಂಡ ಹೆಂಡತಿ ಸೇರಬಾರದು. ಆಮೇಲೆ ಹುಳು ಗಟ್ಟಿಯಾಗುತ್ತದೆ, ಅವನು ಒಳಮನೆಗೆ ಬರಬಹುದು. ಇದು ಕದಿರಮ್ಮನ ಅತ್ತೆ ಹಾಕಿಕೊಟ್ಟ ಕಟ್ಟಳೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ದೇವರಾಯಸಮುದ್ರದಿಂದ ಕದಿರಮ್ಮನ ತಮ್ಮ ಆವಲಪ್ಪ ಬಂದ. ಅವನಿಗೆ ಮದುವೆಗೆ ಬಂದ ಮಗಳಿದ್ದಳು. ಅಕ್ಕ ತಮ್ಮ ಜಗಲಿಯ ಮೇಲೆ ಕೂತು ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದರು. ಶ್ಯಾಮಲಮ್ಮನ ತವರು ರಾಯಲ್ಪಾಡು, ಅವಳ ಮನೆಮಾತೇ ತೆಲುಗು. ಒಳಗೆ ಮುದ್ದೆ ತಿರುವುತ್ತಿದ್ದವಳಿಗೆ ಎಲ್ಲ ಕೇಳಿಸಿತು. ಮುಂದಿನ ಸುಗ್ಗಿಯ ತನಕ ನೋಡೋಣ, ಆಗಲೂ ಏನೂ ಇಲ್ಲದಿದ್ದರೆ ಹುಡುಗಿಯನ್ನು ಕೋದಂಡರಾಮಪ್ಪನಿಗೆ ಎರಡನೇ ಮದುವೆಗೆ ಕೊಡುವುದು ಅಂತ ಮಾತಾಯಿತು. ಇಬ್ಬರಿಗೂ ಮುದ್ದೆ ಬಡಿಸಿದಳು. ಆದರೆ ಅವತ್ತು ತಾನು ಉಣ್ಣಲಿಲ್ಲ.

ಅವರಿಗೆ ಮೊಟ್ಟೆ ತಂದುಕೊಟ್ಟು ರೇಷ್ಮೆ ಗೂಡು ಕೊಳ್ಳುತ್ತಿದ್ದವನು ಕೋಲಾರದ ಓಬೇದುಲ್ಲಾ. ಗೂಡು ಮಾರಲು ಗಾಡಿಯಲ್ಲಿ ಹೋದಾಗಲೆಲ್ಲ ಶ್ಯಾಮಲಮ್ಮ ಅವನ ಹೆಂಡತಿ ರಹಮತುನ್ನೀಸಾ ಹತ್ತಿರ ಕೂತು ಬರುತ್ತಿದ್ದಳು. ಈ ಸಲ ವಿಷಯ ಹೇಳಿದಾಗ ರಹಮತುನ್ನೀಸಾ ವೀಳ್ಯದೆಲೆ ಮಡಿಸುತ್ತಿದ್ದುದನ್ನು ನಿಲ್ಲಿಸಿದಳು.

“ಮರಕ್ಕೆ ದಾರ ಕಟ್ಟಿದ್ದೆಲ್ಲ ಆಯ್ತಲ್ಲಮ್ಮ. ಒಂದ್ಸಲ ಆಸ್ಪತ್ರೆಗೆ ಬಾ. ಮದ್ರಾಸಿಂದ ಒಬ್ಬರು ಲೇಡಿ ಡಾಕ್ಟರು ಬಂದವ್ರೆ. ನನ್ನ ತಂಗಿ ಹಜೀರಾನ ಅವ್ರೇ ನೋಡಿದ್ದು.”

“ನಮ್ಮತ್ತೆಗೆ ಗೊತ್ತಾದ್ರೆ?”

“ಗೊತ್ತಾದ್ರೆ ನಾನೇ ಕರ್ಕೊಂಡು ಹೋದೆ ಅನ್ನು.”

ಡಾಕ್ಟರು ತಲೆ ನರೆತ ಹೆಂಗಸು, ಕನ್ನಡ ತೊಡರುತ್ತಿತ್ತು. ಶ್ಯಾಮಲಮ್ಮನನ್ನು ಪರೀಕ್ಷೆ ಮಾಡಿ, ಗರ್ಭಕೋಶದಲ್ಲಿ ಕೆಡುಕೇನೂ ಕಾಣುವುದಿಲ್ಲ ಎಂದರು. ಆಮೇಲೆ ಕೇಳಿದರು, “ಮುಟ್ಟು ಸರಿಯಾಗಿ ಆಗ್ತದಾ?”

“ಆಗ್ತದೆ. ಹಿಂದೂ ಮುಂದೂ ಆಗಲ್ಲ.”

“ಗಂಡ ಮನೇಲೇ ಇರ್ತಾರಾ?”

ಶ್ಯಾಮಲಮ್ಮ ನೆಲ ನೋಡುತ್ತ ಹುಳುವಿನ ಕೋಣೆಯ ಕಟ್ಟಳೆ ಹೇಳಿದಳು. ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ರಹಮತುನ್ನೀಸಾ ಬಿಡಿಸಿ ಹೇಳಿದಳು. ಡಾಕ್ಟರು ಮೇಜಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು. ಹೆಂಗಸಿನ ಒಳಗೆ ತಿಂಗಳಿಗೊಂದು ಸಲ ಒಂದು ಸಣ್ಣ ಮೊಟ್ಟೆ ಕಳಚಿ ಬರುತ್ತದೆ. ಹಿಂದೆ ಡಾಕ್ಟರುಗಳೂ ಮುಟ್ಟಿನ ಸ್ನಾನವಾದ ಮೇಲಿನ ದಿನಗಳೇ ಗರ್ಭಕ್ಕೆ ಒಳ್ಳೆಯವು ಅಂದುಕೊಂಡಿದ್ದರು. ಈಚೆಗೆ ಬೇರೆ ದೇಶಗಳಲ್ಲಿ ಕಂಡುಕೊಂಡಿದ್ದಾರೆ, ಅದು ಬರುವುದು ಎರಡು ಮುಟ್ಟಿನ ನಡುಮಧ್ಯ, ಮುಂದಿನ ಮುಟ್ಟಿಗೆ ಹದಿನೈದು ದಿನ ಇದ್ದಾಗ. ಒಂದು ದಿನದ ಮೇಲೆ ಅದು ಉಳಿಯುವುದಿಲ್ಲ. ಅದರ ಹಿಂದಿನ ನಾಲ್ಕಾರು ದಿನ ಗಂಡ ಹೆಂಡತಿ ಸೇರಿದರೆ ಮಾತ್ರ ಉಪಯೋಗ.

“ಆವಾಗ ಕಿಬ್ಬೊಟ್ಟೆ ಒಂದು ಪಕ್ಕ ಸಣ್ಣಗೆ ನೋಯಬಹುದು. ನೋಯದೇನೂ ಇರಬಹುದು.”

“ನಂಗೆ ನೋಯ್ತದೆ. ಹುಳ ಎರಡನೇ ಜ್ವರ ಎದ್ದು ಮೂರನೇದಕ್ಕೆ ಕೂರೋ ಹೊತ್ತಲ್ಲಿ,” ಎಂದಳು ಶ್ಯಾಮಲಮ್ಮ. ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. ಆರು ವರ್ಷ ಆ ದಿನಗಳಲ್ಲೆಲ್ಲ ಅವನು ಹುಳುವಿನ ಕೋಣೆಯಲ್ಲಿದ್ದ.

“ಖಂಡಿತ ಆಗ್ತದೆ ಅಂತ ನಾನು ಹೇಳಲ್ಲ,” ಎಂದರು ಡಾಕ್ಟರು. “ಆರು ತಿಂಗಳು ಹೀಗೆ ಮಾಡಿ. ಆಗದಿದ್ರೆ ಗಂಡನ್ನೂ ಕರ್ಕೊಂಡು ಬಾ, ಅವರನ್ನೂ ನೋಡಬೇಕು.”

ಮಾರನೇ ದಿನ ತೋಟದಲ್ಲಿ ಸೊಪ್ಪು ಕೊಯ್ಯುತ್ತ ಅವಳು ಗಂಡನಿಗೆ ಹೇಳಿದಳು. ಅವನು ಕೊಯ್ದ ಸೊಪ್ಪನ್ನು ಹೊರೆ ಕಟ್ಟಿದ.

“ಕೋಣೇಲಿ ಮಲಗೋದು ಬಿಟ್ಟು ಬೆಳೆ ಕೆಟ್ರೆ ಅಮ್ಮ ನಿನ್ನೇ ಅಂತಾಳೆ ಕಣೇ.”

“ಕಟ್ಟಳೆ ಬಿಡೋದು ಬೇಡ. ಮೊಟ್ಟೆ ತರಿಸೋದನ್ನ ಹದಿನೈದು ದಿನ ಮುಂದಕ್ಕೆ ಹಾಕಿದ್ರೆ ಸಾಕು. ಆ ದಿನ ಬರೋ ಹೊತ್ತಿಗೆ ಹುಳ ದೊಡ್ಡದಾಗಿರ್ತದೆ, ನೀವು ಒಳಗಿರ್ತೀರ.”

“ಆಗ ಮರಿ ಇರೋವಾಗ ನೀನು ಹೊರಗಾಗ್ತೀಯ. ಸೊಪ್ಪು ಹೆಚ್ಚೋರು ಯಾರು?”

ಉಳಿದವಳು ಅತ್ತೆಯೊಬ್ಬಳೇ. ತಾಯಿಗೆ ಹೇಳುವ ಧೈರ್ಯ ಅವನಿಗೂ ಬರಲಿಲ್ಲ. ಕೊನೆಗೆ ಅವಳೇ ಹೇಳಿದಳು, ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ, ಮುಖ ಕಾಣದಂತೆ ಹಿಂದೆ ಕೂತು.

ಕದಿರಮ್ಮ ಸಿಟ್ಟಾದಳು. “ಆಸ್ಪತ್ರೇಲಿ ಕೂತೋರಿಗೆ ಹುಳದ ವಿಷ್ಯ ಏನು ಗೊತ್ತು? ನಾನು ಇದೇ ಕಟ್ಟಳೇಲಿ ಬಾಳಿ ಮಗನ್ನ ಹೆತ್ತಿಲ್ವಾ?” ಎಂದು ಎಣ್ಣೆ ಪೂರ್ತಿ ಹಚ್ಚಿಸಿಕೊಳ್ಳದೆ ಎದ್ದುಹೋದಳು. ಎರಡು ದಿನ ಸೊಸೆಯ ಜೊತೆ ಮಾತಿಲ್ಲ.

ಮೂರನೇ ದಿನ ಬೆಳಿಗ್ಗೆ ಹುಳು ಸಾಕುವ ತಟ್ಟೆ ತೊಳೆಯುತ್ತಿದ್ದ ಶ್ಯಾಮಲಮ್ಮನ ಹತ್ತಿರ ಬಂದು ಕೂತಳು. “ಇವನು ಹುಟ್ಟಿದ್ದು ನಂಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ,” ಎಂದಳು. “ಅದಕ್ಕೆ ಮುಂಚೆ ಏನೂ ಇಲ್ಲ, ಆಮೇಲೂ ಇಲ್ಲ.”

“ಗೊತ್ತು ಅತ್ತಮ್ಮ. ಹರಕೆ ಹೊತ್ತಿದ್ರಂತೆ.”

“ಹರಕೆ ವರ್ಷವರ್ಷಾನೂ ಹೊರ್ತಿದ್ದೆ. ಆ ವರ್ಷ ಪ್ಲೇಗು ಬಂತು. ಊರೆಲ್ಲ ಖಾಲಿ ಮಾಡಿ ಮಾವಿನ ತೋಪಲ್ಲಿ ಗುಡಿಸಲು ಹಾಕ್ಕೊಂಡಿದ್ವಿ. ಹುಳ ಸಾಕಲಿಲ್ಲ. ಇರೋದೇ ಒಂದು ಗುಡಿಸಲು, ನಿಮ್ಮ ಮಾವ ಬೇರೆ ಕಡೆ ಮಲಗೋಕೆ ಜಾಗ ಎಲ್ಲಿತ್ತು? ಊರಿಗೆ ವಾಪಸ್ ಬರೋವಾಗ ಇವನು ಹೊಟ್ಟೇಲಿದ್ದ.” “ನಮ್ಮತ್ತೆ ನನ್ನ ಬಂಜೆ ಅಂತ ಎಷ್ಟು ಅಂದವಳೆ ಅಂದ್ರೆ...” ಎಂದಳು. ಒಂದು ತಟ್ಟೆ ಎಳೆದುಕೊಂಡು ತಾನೂ ತಿಕ್ಕತೊಡಗಿದಳು.

ಮುಂಗಾರು ಶುರುವಾದಾಗ ಓಬೇದುಲ್ಲಾ ಮೊಟ್ಟೆ ಯಾವಾಗ ತರಲಿ ಎಂದು ಕೇಳಲು ಬಂದ. ಕದಿರಮ್ಮ ಒಳಗೆ ಹೋಗಿ ಸೊಸೆಯನ್ನು ಏನೋ ಕೇಳಿ ಬಂದು ದಿನ ಹೇಳಿದಳು. ಪ್ರತಿ ವರ್ಷದಂತಲ್ಲ ಅನ್ನುವುದು ಅವನಿಗೂ ತಿಳಿಯಿತು, ಆದರೆ ಕಾರಣ ಕೇಳಲಿಲ್ಲ.

ಮೊದಲ ಬೆಳೆ ಸರಿಬರಲಿಲ್ಲ. ಶ್ಯಾಮಲಮ್ಮ ಹೊರಗಾಗಿ ಹಿತ್ತಲ ಚಪ್ಪರದಲ್ಲಿ ಕೂತಿದ್ದ ದಿನಗಳಲ್ಲಿ ಕದಿರಮ್ಮನೇ ಸೊಪ್ಪು ಹೆಚ್ಚಿದಳು. ಒರಟಾಗಿ ಹೆಚ್ಚಿದ್ದನ್ನು ಮರಿಗಳು ಸರಿಯಾಗಿ ತಿನ್ನಲಿಲ್ಲ. ಬೆರಳಿಗೆ ಎರಡು ಕಡೆ ಕತ್ತಿ ತಾಗಿತ್ತು, ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದಳು. ಗೂಡು ತೆಳ್ಳಗಾಯಿತು.

ಇನ್ನೊಂದು ತೊಡಕು ಯಾರೂ ಎಣಿಸಿರಲಿಲ್ಲ. ಡಾಕ್ಟರು ಹೇಳಿದ ದಿನಗಳು ಈಗ ಹುಳು ರಾಶಿ ರಾಶಿ ಸೊಪ್ಪು ತಿನ್ನುವ ಕೊನೆಯ ವಾರಕ್ಕೇ ಬಂದವು. ಆ ವಾರ ಮನೆಯವರಿಗೆ ಕೂರಲೂ ಪುರುಸೊತ್ತಿಲ್ಲ. ಸೊಪ್ಪಿನ ಹೊರೆ ಇಳಿಸಿದ ಕೋದಂಡರಾಮಪ್ಪ ಗೋಡೆಗೊರಗಿದರೆ ಅಲ್ಲೇ ಗೊರಕೆ ಹೊಡೆಯುತ್ತಿದ್ದ. ಒಂದು ಸಂಜೆ ಕದಿರಮ್ಮ ಬಂದು ಅವನನ್ನು ಅಲುಗಿಸಿದಳು.

“ಏನ್ಲಾ, ಎದ್ದು ಒಳಗೆ ಹೋಗು. ನೀನೂ ಹೋಗಮ್ಮ. ಸೊಪ್ಪು ನಾನು ಹಾಕ್ತೀನಿ.”

“ಅಷ್ಟೂ ತಟ್ಟೆಗೆ ನೀನೊಬ್ಬಳೇನಾ?” ಎಂದ ಮಗ.

“ದೊಡ್ಡ ಹುಳಕ್ಕೆ ಹೆಚ್ಚೋದೇನಿದೆ, ಹರಡೋದು ತಾನೆ. ಹೋಗಿ.”

ಇಬ್ಬರಿಗೂ ನಾಚಿಕೆಯಾಯಿತು. ಆದರೂ ಹೋದರು.

ಆ ತಿಂಗಳು ಶ್ಯಾಮಲಮ್ಮ ಹೊರಗಾದಳು. ಮುಂದಿನ ತಿಂಗಳೂ ಆದಳು. ಚಪ್ಪರದಲ್ಲಿ ಕೂತು ಒಬ್ಬಳೇ ಅತ್ತಳು. ಕದಿರಮ್ಮ ದೂರದಿಂದ ಅನ್ನದ ತಟ್ಟೆ ಸರಿಸುತ್ತ, “ಡಾಕ್ಟರಮ್ಮ ಆರು ತಿಂಗಳು ಅಂದವ್ರಲ್ಲ,” ಎಂದಳು.

ದಸರಾ ಹೊತ್ತಿಗೆ ಆವಲಪ್ಪ ಮತ್ತೆ ಬಂದ. ಸುಗ್ಗಿಗೆ ಇನ್ನೂ ದಿನವಿತ್ತು. ಕದಿರಮ್ಮ ತಮ್ಮನಿಗೆ ಊಟ ಹಾಕಿ, ಕೈ ತೊಳೆಯಲು ನೀರು ಕೊಟ್ಟು, “ನಿನ್ನ ಮಗಳಿಗೆ ಬೇರೆ ಕಡೆ ನೋಡಪ್ಪ,” ಎಂದಳು.

“ಯಾಕಕ್ಕ, ಏನಾದ್ರೂ ಇದೆಯಾ?”

“ಏನೂ ಇಲ್ಲ. ಇಲ್ಲದಿದ್ರೂ ಬೇರೆ ಕಡೆ ನೋಡು.”

ಆವಲಪ್ಪ ಮುನಿಸಿಕೊಂಡು ಹೋದ. ದೀಪಾವಳಿಗೂ ಬರಲಿಲ್ಲ. ಆದರೆ ಆ ಹೊತ್ತಿಗೆ ಶ್ಯಾಮಲಮ್ಮನ ಮುಟ್ಟು ನಿಂತಿತ್ತು, ಸೊಪ್ಪಿನ ವಾಸನೆಗೆ ವಾಂತಿ ಬರುತ್ತಿತ್ತು. ಕದಿರಮ್ಮ ಮುಂದಿನ ಮೊಟ್ಟೆ ಬೇಡವೆಂದು ಓಬೇದುಲ್ಲಾಗೆ ಹೇಳಿಕಳಿಸಿದಳು.

ಮಳೆಗಾಲ ಮರಳಿ ಬರುವಾಗ ಹೆಣ್ಣು ಮಗು ಹುಟ್ಟಿತು, ಮನೆಯಲ್ಲೇ, ಸುಸೂತ್ರವಾಗಿ. ಮೂರು ತಿಂಗಳು ತುಂಬಿದ ಮೇಲೆ ಶ್ಯಾಮಲಮ್ಮ ಅದನ್ನು ಡಾಕ್ಟರಿಗೆ ತೋರಿಸಬೇಕೆಂದು ಗಾಡಿಯಲ್ಲಿ ಕೋಲಾರಕ್ಕೆ ಹೋದಳು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ, ಅದರ ಕೆಲಸಕ್ಕೆ ಅವರನ್ನು ಎಲ್ಲಿಗೋ ಕರೆಸಿಕೊಂಡಿದ್ದರು. ಅವರ ಜಾಗದಲ್ಲಿದ್ದವರಿಗೆ ಇವಳ್ಯಾರೆಂದು ತಿಳಿಯಲಿಲ್ಲ, ಮಗುವಿಗೇನು ಕಾಯಿಲೆ ಎಂದು ಕೇಳಿದರು. “ಕಾಯಿಲೆ ಇಲ್ಲ,” ಎಂದು ಅವಳು ಹೊರಗೆ ಬಂದಳು.

ಅಲ್ಲಿಂದ ರಹಮತುನ್ನೀಸಾಳ ಮನೆಗೆ ಹೋದಳು. ರಹಮತುನ್ನೀಸಾ ಮಗುವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು.

“ಅಜ್ಜಿ ಮೂಗೇ ಬಂದೈತೆ,” ಎಂದಳು.

“ಅತ್ತಮ್ಮನೂ ಹಂಗೇ ಅಂತಾರೆ,” ಎಂದು ಶ್ಯಾಮಲಮ್ಮ ನಕ್ಕು, ಗೋಡೆಗೊರಗಿ ಕಾಲು ಚಾಚಿ ಕೂತಳು.